ನೀಲಿ ಕುರ್ಚಿಗೆ ಬಂದ ಗಾಜಿನವರು

ಖುಷಿಯನ್ನು ಹೊಟ್ಟೆಯೊಳಗೆ ಅದುಮಿ ಇಟ್ಟುಕೊಳ್ಳುವುದು ಕಂಡಕ್ಟರಕ್ಕನಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಆ ಶುಕ್ರವಾರ ಬೆಳಿಗ್ಗೆ ಮಗಳಿಗೆ ಒಂದು ಜಡೆ ಹೆಣೆದು, ರಿಬ್ಬನ್ ಕಟ್ಟಿ, ಬೆನ್ನು ತಟ್ಟಿ, ಸ್ಕೂಲಿಗೆ ಹೊರಡು ಎಂದುಬಿಟ್ಟಳು.

"ಅಮ್ಮಾ, ಇನ್ನೊಂದು ಜಡೆ?"

"ಅಯ್ಯೋ, ಹೌದಲ್ವಾ. ಬಾ, ತಿರುಗು."

ಹೊಲಿಗೆ ಯಂತ್ರದ ಹಿಂದಿನಿಂದ ಗಂಡ ನಕ್ಕ. ಅವನು ಟೈಲರ್, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. "ನಿಮ್ಮಮ್ಮ ಇವತ್ತು ಇಲ್ಲಿಲ್ಲ ಕಣೇ. ಕೈಕಾಲು ಮಾತ್ರ ಇಲ್ಲಿವೆ. ತಲೆ ಆಗ್ಲೇ ಆ ಹುಡುಗರ ಮಧ್ಯೆ ಹೋಗಿ ಕೂತಿದೆ."

"ಅವರು ಇವತ್ತು ಬರ್ತಾರೆ ರೀ. ಬರೋದೇ ಇಲ್ಲ ಅಂದಿದ್ದವರು ಒಪ್ಪಿಕೊಂಡಿದಾರೆ."

"ಇಷ್ಟು ದಿನದಿಂದ ಅದನ್ನೇ ಕೇಳ್ತಿದೀನಿ ಮಾರಾಯ್ತಿ. ಆ ಕತ್ತರಿ ಕೊಡು. ಅಲ್ಲಿ ಇಲ್ಲಿ ಹುಡುಕಬೇಡ, ನಿನ್ನ ಕೈಯಲ್ಲೇ ಇದೆ."

ಕಂಡಕ್ಟರಕ್ಕ ಈಗ ಕಂಡಕ್ಟರ್ ಅಲ್ಲ. ಬಹಳ ವರ್ಷ ಊರಿನೊಳಗಿನ ಬಸ್ಸುಗಳಲ್ಲಿ ಚೀಲ ತೂಗಿಸಿಕೊಂಡು ಟಿಕೆಟ್ ಹರಿದವಳು. ಮೊಣಕಾಲು ಕೈಕೊಟ್ಟ ಮೇಲೆ ಆ ಕೆಲಸ ಬಿಟ್ಟು, ತಪ್ಪು ಮಾಡಿ ಸಿಕ್ಕಿಬಿದ್ದ ಹದಿಹರೆಯದ ಹುಡುಗರನ್ನು ಇಟ್ಟು ತಿದ್ದುವ ವಸತಿಗೃಹವೊಂದಕ್ಕೆ ನೋಡಿಕೊಳ್ಳುವವಳಾಗಿ ಸೇರಿದಳು. ತುಂಬಿ ತುಳುಕುವ ಬಸ್ಸನ್ನು ಸಂಭಾಳಿಸಿದವಳಿಗೆ ಎಂಟು ಹುಡುಗರು ಯಾವ ಲೆಕ್ಕ ಎಂದುಕೊಂಡು ಹೋದವಳನ್ನು ಮೊದಲ ವಾರವೇ ಅವರು ಹಾಸಿಗೆ ಹೊದಿಕೆ ಇಡುವ ಕೋಣೆಯಲ್ಲಿ ಕೂಡಿಹಾಕಿದರು. ಹೊರಗಿನಿಂದ ಅವಳ ದನಿಯಲ್ಲೇ ಅಣಕಿಸಿದರು: "ಒಳಗೆ ಹೋಗಿ, ಒಳಗೆ ಹೋಗಿ, ಇನ್ನೂ ಜಾಗ ಇದೆ." ಬಾಗಿಲು ತೆರೆದಾಗ ಅವಳು ಹೊದಿಕೆಗಳನ್ನೆಲ್ಲ ಒಪ್ಪವಾಗಿ ಮಡಚಿಟ್ಟು, ಅದರ ಮೇಲೆ ಕೂತು, ಬಿದ್ದು ಬಿದ್ದು ನಗುತ್ತಿದ್ದಳು. ಆ ಅಣಕ ಅಷ್ಟು ಚೆನ್ನಾಗಿತ್ತು. ಯಾರದು ಆ ದನಿ ಎಂದು ಕೇಳಿದಳು. ಎಲ್ಲರಿಗಿಂತ ಗಿಡ್ಡನೆಯ ಹುಡುಗನೊಬ್ಬ ಹೆದರುತ್ತ ಕೈ ಎತ್ತಿದ. ಅವನಿಗೆ ರೇಡಿಯೋ ಎಂದು ಹೆಸರಿಟ್ಟವಳು ಅವಳೇ.

ಆಮೇಲೆ ಸಂಜೆ ತರಗತಿಗಳಿಗೆ ಹೋಗಿ ಗುಂಪಿನಲ್ಲಿ ಕೂರಿಸಿ ಮಾತಾಡಿಸುವ ಆಪ್ತಸಲಹೆಯನ್ನು ಕಲಿತಳು. ನಾಲಿಗೆಗೆ ಬ್ರೇಕ್ ಹಾಕುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಮಗೆ ಬಂದಿದೆ ಎಂದು ಕಲಿಸಿದವರು ಹೇಳಿ ಕಳಿಸಿದ್ದರು.

ವಸತಿಗೃಹದಲ್ಲಿ ಮಂಚಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರು. ಒಡೆದು ಯಾರಿಗೂ ಗಾಯವಾಗದಿರಲೆಂದು ಕನ್ನಡಿಯ ಜಾಗದಲ್ಲಿ ಹೊಳಪಿನ ಉಕ್ಕಿನ ತಗಡು. ಅದರಲ್ಲಿ ಯಾರ ಮುಖವೂ ನೆಟ್ಟಗೆ ಕಾಣುತ್ತಿರಲಿಲ್ಲ. ಮೆಟ್ಟಿಲುಗಳ ಅಂಚು ಮಾತ್ರ ಚೂಪು. ಓಡುತ್ತ ಇಳಿಯುವ ಹುಡುಗರ ಕಾಲು ನೆನೆದು ಅಕ್ಕನಿಗೆ ನಿದ್ದೆ ಬರುತ್ತಿರಲಿಲ್ಲ. ಕಚೇರಿಗೆ ಬರೆದು ಬರೆದು ಸಾಕಾಗಿ, ತಾನೇ ರಬ್ಬರ್ ಪಟ್ಟಿ ತಂದು ಅಂಟಿಸಿದಳು. ಯಾರಾದರೂ ಒದ್ದೆ ತಲೆಯಲ್ಲಿ ತಿರುಗಿದರೆ ಟವೆಲ್ ಹಿಡಿದು ಬೆನ್ನು ಹತ್ತುತ್ತಿದ್ದಳು. ಕಳ್ಳತನ ಮಾಡಿದ ಹುಡುಗನಿಗೂ ನೆಗಡಿ ಆಗುತ್ತದೆ ಎನ್ನುವುದು ಅವಳ ವಾದ.

ಕೆಳಗಿನ ಕೋಣೆಯಲ್ಲಿ ದಿನಾ ಸಂಜೆ ಕುರ್ಚಿಗಳು ದುಂಡಗೆ ಬೀಳುತ್ತಿದ್ದವು. ಎಲ್ಲವೂ ಕಂದು, ಒಂದು ಮಾತ್ರ ನೀಲಿ. ನೀಲಿ ಕುರ್ಚಿಗೆ ಅಕ್ಕನೇ ಮಾಡಿದ ಕಾನೂನಿತ್ತು. ಅದರಲ್ಲಿ ಕೂತವನು ಅವನಲ್ಲ, ಬೇರೆ ಯಾರೋ. ಯಾರದೋ ತಾಯಿ, ಯಾರದೋ ಮೇಷ್ಟ್ರು, ಪೊಲೀಸು, ಪಕ್ಕದ ಮನೆಯವರು. ಅಲ್ಲಿ ಕೂತವರನ್ನು ಗೆಳೆಯನೇ ಆದರೂ ಬಹುವಚನದಲ್ಲೇ ಮಾತಾಡಿಸಬೇಕು. ಪಾತ್ರ ದಾರಿ ತಪ್ಪಿದರೆ ಸುತ್ತ ಕೂತ ಯಾರು ಬೇಕಾದರೂ "ಹಾಗಲ್ಲ" ಎನ್ನಬಹುದು, ಆಗ ಮತ್ತೆ ಮೊದಲಿಂದ ಮಾಡಬೇಕು. ಏಳುವಾಗ ಭುಜ ಕೊಡವಿಕೊಂಡು ಏಳಬೇಕು. ಆ ಕುರ್ಚಿಯಲ್ಲಿ ಆಡಿದ ಮಾತಿಗೆ ಆಮೇಲೆ ಯಾರೂ ಯಾರ ಮೇಲೂ ಕೈಮಾಡುವಂತಿಲ್ಲ.

ಎಂಟು ಹುಡುಗರಲ್ಲಿ ಕ್ಲಚ್ ಎನ್ನುವವನು ಎಲ್ಲರಿಗಿಂತ ದೊಡ್ಡವನು. ಹದಿನೇಳು ಹತ್ತಿರ. ಗಾಡಿ ಎಂದರೆ ಜೀವ ಬಿಡುವವನು. ರಸ್ತೆಯಲ್ಲಿ ಹೋಗುವ ಸದ್ದು ಕೇಳಿಯೇ ಯಾವ ಬೈಕು, ಅದಕ್ಕೇನು ಕಾಯಿಲೆ ಎಂದು ಹೇಳುತ್ತಿದ್ದ. ಒಂದು ಮಧ್ಯಾಹ್ನ ಯಾರೋ ಕೀ ಬಿಟ್ಟು ಹೋದ ಸ್ಕೂಟರು ಎದುರಿಗೆ ಸಿಕ್ಕಿತ್ತು. ತಿರುವಿನಲ್ಲಿ, ಕಿಟಕಿಗೆ ಹಾಕುವ ದೊಡ್ಡ ಗಾಜನ್ನು ಹೊತ್ತು ರಸ್ತೆ ದಾಟುತ್ತಿದ್ದ ಅಂಗಡಿಯವರೊಬ್ಬರಿಗೆ ಗುದ್ದಿದ. ಗಾಜು ಅವರ ಬಲಗೈ ಮೇಲೆ ಒಡೆಯಿತು. ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶವಿಲ್ಲ. ಕ್ಲಚ್ ನಿಲ್ಲಿಸದೆ ಹೋಗಿದ್ದ. ಮರುದಿನ ಸ್ಕೂಟರಿನ ಸಮೇತ ಸಿಕ್ಕಿಬಿದ್ದ.

ಈಗ ಹತ್ತಿರದ ಬೀದಿಯ ಗ್ಯಾರೇಜಿನವರು ಅವನನ್ನು ಹಗಲು ಹೊತ್ತು ಕೆಲಸ ಕಲಿಯಲು ಕರೆದಿದ್ದರು. ಸೋಮವಾರ ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಹುಡುಗನನ್ನು ಹೊರಗೆ ಕಳಿಸಬೇಕಾದರೆ ಇಂಥ ಹುಡುಗರ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯ ಒಂದು ಷರತ್ತು: ಪೆಟ್ಟು ತಿಂದವರು ಒಮ್ಮೆ ಬಂದು ಅವನ ಎದುರು ಕೂತು ಮಾತಾಡಬೇಕು, ಅವರಿಗೆ ಅಭ್ಯಂತರ ಇರಬಾರದು. ಗಾಜಿನವರು ಎರಡು ಸಲ ಬರುವುದಿಲ್ಲ ಎಂದು ಫೋನು ಇಟ್ಟಿದ್ದರು. ಮೂರನೆಯ ಸಲ ಅವರ ಹೆಂಡತಿ ಫೋನು ಎತ್ತಿ, "ಕಳಿಸ್ತೀನಿ ಬಿಡಿ, ಇವರಿಗೂ ಒಳ್ಳೇದೇ," ಎಂದಿದ್ದರು.

ಅಲ್ಲಿಂದ ಶುರುವಾಯಿತು ತಾಲೀಮು. ರೇಡಿಯೋ ಗಾಜಿನವರಾದ. ಅವನು ಆ ಮನುಷ್ಯನನ್ನು ಕಂಡವನಲ್ಲ. ಆದರೂ ಎದೆಯುಬ್ಬಿಸಿ, ದಪ್ಪ ದನಿ ತೆಗೆದು, ಮೀಸೆ ತಿರುವಿ ಕೂತರೆ ಕೋಣೆಯ ಗಾಳಿಯೇ ಬಿಗಿಯಾಗುತ್ತಿತ್ತು. "ಏನೋ ಲೇ, ನನ್ನ ಬೆರಳು ವಾಪಸ್ ಕೊಡ್ತೀಯೇನೋ? ನಿಮ್ಮಪ್ಪ ತಂದುಕೊಡ್ತಾನಾ?" ಎಂದು ಅವನು ಗುಡುಗಿದರೆ ಕ್ಲಚ್ ನಿಜವಾಗಿಯೇ ಬೆವರುತ್ತಿದ್ದ. ಮೊದಲ ದಿನ ಒಂದು ಮಾತೂ ಹೊರಡಲಿಲ್ಲ. ಎರಡನೆಯ ದಿನ ಎದ್ದು ಹೋದ. ಮೂರನೆಯ ದಿನ, "ತಪ್ಪಾಯ್ತು ಸಾರ್," ಎಂದ, ಗೋಡೆಯ ಕಡೆ ನೋಡಿಕೊಂಡು.

"ಹಾಗಲ್ಲ," ಎಂದ ವಕೀಲ. ಎಲ್ಲದಕ್ಕೂ ಒಂದು ತಕರಾರು ತೆಗೆಯುವ ಹುಡುಗನಿಗೆ ಬಿದ್ದ ಹೆಸರು ಅದು. "ಗೋಡೆಗೆ ಏನು ಪೆಟ್ಟಾಗಿತ್ತಾ? ಅವರ ಮುಖ ನೋಡಿ ಹೇಳು."

ದಿನ ಹೋದಂತೆ ಎಲ್ಲರಿಗೂ ಹುಮ್ಮಸ್ಸು ಏರಿತು. ಊಟದ ಸಾಲಿನಲ್ಲಿ, ಬಚ್ಚಲಿನ ಮುಂದೆ, ಬಟ್ಟೆ ಒಣಹಾಕುವಾಗ ಅದೇ ಮಾತು. ಗಾಜಿನವರು ಹೀಗೆ ಕೇಳಿದರೆ? ಕೊರಳಪಟ್ಟಿ ಹಿಡಿದರೆ? ಬೆರಳು ತೋರಿಸಿ ಅತ್ತರೆ? ಪ್ರತಿಯೊಂದಕ್ಕೂ ಕ್ಲಚ್ ಹತ್ತಿರ ಉತ್ತರ ಸಿದ್ಧವಾಯಿತು, ಅದೂ ಕಣ್ಣು ನೋಡಿ ಹೇಳುವಂಥ ಉತ್ತರ. ಅಕ್ಕ ಮನೆಗೆ ಹೋದರೂ ಹೊಸ ಹೊಸ ಪ್ರಶ್ನೆ ಹುಟ್ಟಿಸಿಕೊಂಡು ಬರುತ್ತಿದ್ದಳು. ವಸತಿಗೃಹದ ಮೇಲ್ವಿಚಾರಕರು ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿ, ಅವಳನ್ನು ಪಕ್ಕಕ್ಕೆ ಕರೆದರು.

"ಚೆನ್ನಾಗಿದೆ. ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ. ಇದು ನಾಟಕ ಆಗ್ತಾ ಇದೆಯೇನೋ ಅನ್ನಿಸ್ತು ನನಗೆ."

"ಇಲ್ಲ ಸಾರ್, ಹುಡುಗರು ಮೊದಲನೇ ಸಲ ಒಬ್ಬನಿಗೋಸ್ಕರ ಒಟ್ಟಾಗಿದಾರೆ."

"ಅದು ಸರಿ. ಬರೋ ಮನುಷ್ಯನೂ ನಿಮ್ಮ ಮಾತು ಕೇಳ್ತಾನಾ?"

ಅಕ್ಕ ನಕ್ಕು ತೇಲಿಸಿಬಿಟ್ಟಳು.

ಶುಕ್ರವಾರ ಸಂಜೆಗೆ ಕೋಣೆ ಥಳಥಳ. ನೆಲವನ್ನು ಎರಡು ಸಲ ಒರೆಸಿದ್ದರು. ಎಲ್ಲರ ತಲೆಯೂ ಬಾಚಿ ಒಣಗಿತ್ತು. ಕ್ಲಚ್ ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು ಉಸಿರಾಡಲು ಒದ್ದಾಡುತ್ತಿದ್ದ. ಅಕ್ಕ ಬಂದು ಮೇಲಿನ ಗುಂಡಿ ಬಿಚ್ಚಿದಳು.

"ಏನಾದ್ರೂ ತಿಂದ್ಯೇನೋ?"

"ಇಳೀಲಿಲ್ಲ ಅಕ್ಕ."

"ನೀರಾದ್ರೂ ಕುಡಿ. ನನಗೂ ಇಳೀಲಿಲ್ಲ."

ಅಷ್ಟರಲ್ಲಿ ಹಜಾರದಲ್ಲಿ ಮೇಲ್ವಿಚಾರಕರ ದನಿ. ಹುಡುಗರು ಸರಸರ ತಮ್ಮ ತಮ್ಮ ಕುರ್ಚಿ ಹಿಡಿದರು. ಬಂದವರಿಗೆಂದು ಬಾಗಿಲ ಪಕ್ಕದಲ್ಲಿ ಒಂದು ಕಂದು ಕುರ್ಚಿ ಬಿಟ್ಟಿದ್ದರು. ಬಾಗಿಲು ತೆರೆಯಿತು.

ಒಳಗೆ ಬಂದದ್ದು ಬಡಕಲು ಮನುಷ್ಯ. ಮೀಸೆಯೇ ಇಲ್ಲ. ಇಸ್ತ್ರಿ ಮಾಡಿದ ಅಂಗಿ, ಬಲಗೈ ಜೇಬಿನಲ್ಲಿ. ಯಾರ ಮುಖವನ್ನೂ ನೋಡದೆ, ಒಂದು ಹೆಜ್ಜೆ ಆ ಕಡೆ ಇಟ್ಟು, ಈ ಕಡೆ ಇಟ್ಟು, ಕಣ್ಣಿಗೆ ಮೊದಲು ಬಿದ್ದ ನೀಲಿ ಕುರ್ಚಿಯ ತುದಿಯಲ್ಲಿ ಕೂತುಬಿಟ್ಟರು. ಯಾರೂ ಬೇಡ ಎನ್ನಲಿಲ್ಲ.  ಅಭ್ಯಾಸಬಲದಿಂದ ಅಲ್ಲಿ ಕೂರಲೆಂದು ಅರ್ಧ ಎದ್ದಿದ್ದ ರೇಡಿಯೋ ಹಾಗೆಯೇ ಕುಸಿದು ಕೂತ.

"ನಮಸ್ಕಾರ," ಎಂದರು ಗಾಜಿನವರು ತಮ್ಮ ಮಂಡಿ ನೋಡಿಕೊಂಡು. "ನಾನು... ತಡ ಆಯ್ತೇನೋ. ನಮ್ಮ ಮನೆಯವಳು ಹೋಗಿ ಬನ್ನಿ ಅಂದಳು, ಅದಕ್ಕೆ ಬಂದೆ. ನಾನು ಹೆಚ್ಚು ಮಾತಾಡೋನಲ್ಲ. ಆಗಿದ್ದು ಆಗಿಹೋಯ್ತು..."

"ಹಾಗಲ್ಲ."

ವಕೀಲನ ಬಾಯಿಂದ ಅದು ಬಿದ್ದೇ ಬಿಟ್ಟಿತ್ತು. ಬಿದ್ದ ಮೇಲೂ ಅವನಿಗೆ ಗೊತ್ತಾಗಲಿಲ್ಲ. ದಿನಾ ನೋಡುವ ನೀಲಿ ಕುರ್ಚಿ ಎದುರಿಗಿತ್ತು. ಅದರ ಮೇಲೆ ಒಬ್ಬರು ಗಾಜಿನವರ ಪಾತ್ರವನ್ನು ತೀರಾ ಕೆಟ್ಟದಾಗಿ ಮಾಡುತ್ತಿದ್ದರು. "ಗಾಜಿನವರು ಇಷ್ಟು ಮೆತ್ತಗೆ ಮಾತಾಡಲ್ಲ. ಇನ್ನೊಂದು ಸಲ, ಮೊದಲಿಂದ," ಎಂದ.

ಯಾರೋ ಒಬ್ಬ ಹುಡುಗ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಮೇಲ್ವಿಚಾರಕರು ಕಣ್ಣು ಮುಚ್ಚಿಕೊಂಡರು. ವಕೀಲನಿಗೆ ಈಗ ಅರ್ಥವಾಗಿ ಮುಖ ಬಿಳಿಚಿತು. ಕಂಡಕ್ಟರಕ್ಕ ಕ್ಲಚ್ ಕಡೆ ನೋಡಿದಳು. ಹುಡುಗನ ಸೋಮವಾರ, ಗ್ಯಾರೇಜು, ಇಷ್ಟು ದಿನದ ಬೆವರು ಎಲ್ಲ ತನ್ನದೇ ಕಾನೂನಿನ ಕಾಲಿಗೆ ತೊಡರಿ ಬಿದ್ದಿತ್ತು.

ಗಾಜಿನವರು ಮೊದಲ ಸಲ ತಲೆ ಎತ್ತಿದರು. "ಏನಂದೆ?"

"ತಪ್ಪಾಯ್ತು ಸಾರ್," ಎಂದು ವಕೀಲ ತೊದಲಿದ. "ನಿಮಗಲ್ಲ ಅಂದಿದ್ದು. ನಿಮಗೇ ಅಂದೆ, ಆದ್ರೆ ನೀವು ನೀವಲ್ಲ ಅಂದ್ಕೊಂಡು ಅಂದೆ."

ಅಕ್ಕ ಎದ್ದು ನಿಂತಳು. ಮುಚ್ಚಿಡಲು ಒಂದು ಸುಳ್ಳೂ ಆ ಹೊತ್ತಿಗೆ ಹತ್ತಿರ ಸುಳಿಯಲಿಲ್ಲ. ಕುರ್ಚಿಯ ಕಾನೂನು, ತಾಲೀಮು, ರೇಡಿಯೋ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ನಮ್ಮ ಹುಡುಗ ನಿಮ್ಮ ಮುಂದೆ ಹೆದರಿ ಓಡಬಾರದು ಅಂತ ಮಾಡಿದ್ದು ಅಣ್ಣಾ. ಹುರುಪಿನಲ್ಲಿ ನೀವೂ ಒಬ್ಬರು ಮನುಷ್ಯರು ಅನ್ನೋದನ್ನೇ ಮರೆತೆ. ಅದು ನನ್ನ ತಪ್ಪು, ಇವರದಲ್ಲ."

 ಗಾಜಿನವರು ಕುರ್ಚಿಯ ತೋಳನ್ನು ಎಡಗೈಯಿಂದ ಒಮ್ಮೆ ಸವರಿದರು. ಎದ್ದು ಹೋಗುತ್ತಾರೆ ಎಂದುಕೊಂಡಳು ಅಕ್ಕ.

"ಯಾರು ನನ್ನ ಪಾರ್ಟ್ ಮಾಡ್ತಾ ಇದ್ದಿದ್ದು?"

ರೇಡಿಯೋ ಅರ್ಧ ಕೈ ಎತ್ತಿದ.

"ಮಾಡು, ನೋಡೋಣ."

"ಬೇಡ ಸಾರ್."

"ಮಾಡಪ್ಪ. ಅಂಗಡಿ ಮುಚ್ಚಿ ಬಂದಿದೀನಿ." ಎದ್ದು ಕುರ್ಚಿ ಬಿಟ್ಟುಕೊಟ್ಟರು.

ರೇಡಿಯೋ ಅಕ್ಕನ ಮುಖ ನೋಡಿದ. ಮೇಲ್ವಿಚಾರಕರು ಬೇಡವೆಂದು ತಲೆಯಾಡಿಸುತ್ತಿದ್ದರು. ಅಕ್ಕನಿಗೂ ಬೇಡ ಎನ್ನಬೇಕೆನಿಸಿತು. ಆದರೆ ಕೇಳುತ್ತಿರುವುದು ಪೆಟ್ಟು ತಿಂದವರು. ಈಗ ಇದು ಅವರ ಸಂಜೆ, ನಮ್ಮದಲ್ಲ ಎಂದು ತೋರಿತು ಅವಳಿಗೆ. ಹೂಂ ಎಂದಳು.

ರೇಡಿಯೋ ಕೂತ. ಮೊದಲು ದನಿ ನಡುಗಿತು. ಆಮೇಲೆ ಎದೆ ಉಬ್ಬಿತು, ಇಲ್ಲದ ಮೀಸೆಯ ಮೇಲೆ ಕೈ ಹೋಯಿತು. "ಏನೋ ಲೇ, ನನ್ನ ಬೆರಳು ವಾಪಸ್ ಕೊಡ್ತೀಯೇನೋ? ಎದ್ದ ಕೂಡಲೇ ಕೈ ನೋಡ್ಕೋತೀನಿ, ಗೊತ್ತೇನೋ? ನೀನು ಆರಾಮಾಗಿ ಮೂರು ಹೊತ್ತು ತಿಂದ್ಕೊಂಡು ಇದೀಯ..." ಕೋಣೆ ತುಂಬ ಗುಡುಗಿದ. ನಿಂತೇ ನೋಡುತ್ತಿದ್ದ ಗಾಜಿನವರ ಬಾಯಿ ಮೆಲ್ಲಗೆ ತೆರೆದುಕೊಂಡಿತು. ಮುಗಿದ ಮೇಲೆ ರೇಡಿಯೋ ಭುಜ ಕೊಡವಿಕೊಂಡು ಎದ್ದು, ಹೋಗಿ ಅಕ್ಕನ ಹಿಂದೆ ನಿಂತ.

"ನಾನು ಒಂದು ದಿನಾನೂ ಹೀಗೆ ಕೂಗಿಲ್ಲ," ಎಂದರು ಗಾಜಿನವರು. "ಆಸ್ಪತ್ರೇಲೂ ಕೂಗಿಲ್ಲ, ಪೊಲೀಸರ ಹತ್ರಾನೂ ಕೂಗಿಲ್ಲ. ಮನೇಲಿ ಮಾತ್ರ... ತಟ್ಟೆ ಇಡೋ ಸದ್ದಿಗೆಲ್ಲ ಅವಳ ಮೇಲೆ ರೇಗ್ತೀನಿ. ಅದಕ್ಕೇ ಕಳಿಸಿದಾಳೆ ಅನ್ಸುತ್ತೆ." ರೇಡಿಯೋ ಕಡೆ ತಿರುಗಿ ಸೇರಿಸಿದರು, "ಚೆನ್ನಾಗಿ ಕೂಗ್ತೀಯ ಕಣಪ್ಪ. ಕೇಳಿ ಎದೆ ಸ್ವಲ್ಪ ಹಗುರ ಆಯ್ತು."

ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ಸಣ್ಣಗೆ ನಕ್ಕಾಗ ಎಂಟೂ ಎದೆಗಳಿಂದ ಹಿಡಿದಿಟ್ಟ ಉಸಿರು ಹೊರಬಿತ್ತು.

ಆಮೇಲೆ ಅವರು ಮತ್ತೆ ನೀಲಿ ಕುರ್ಚಿಯಲ್ಲೇ ಕೂತರು, ಈ ಸಲ ಬೆನ್ನು ಒರಗಿಸಿ. ಜೇಬಿನಿಂದ ಬಲಗೈ ತೆಗೆದು ಮಂಡಿಯ ಮೇಲಿಟ್ಟರು. ಅಂಗೈಯಿಂದ ಮಣಿಕಟ್ಟಿನವರೆಗೆ ಗೆರೆ ಎದ್ದು ಕಾಣುತ್ತಿತ್ತು. ಆ ಹುಡುಗ ಯಾರೆಂದು ಕೇಳದೆಯೇ ಕ್ಲಚ್ ಕಡೆ ತಿರುಗಿದರು.

"ಬೆರಳು ಅಲ್ಲಾಡುತ್ತೆ," ಎಂದರು. "ಮೊಳೆ ಎತ್ತಬಲ್ಲೆ. ಎತ್ತಿದೀನೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ಕಣ್ಣಲ್ಲಿ ನೋಡಿಕೊಂಡು ಎತ್ತಬೇಕು. ಗಾಜಿನ ಅಂಚು ಸವರಿ ನೋಡೋ ಕೆಲಸ ನನ್ನದು. ಈಗ ಅದನ್ನ ಎಡಗೈಗೆ ಕಲಿಸ್ತಾ ಇದೀನಿ. ನಿನಗೆ ಗೊತ್ತಿರಲಿ ಅಂತ ಹೇಳಿದೆ."

ಕ್ಲಚ್ ಅವರ ಕೈಯನ್ನೇ ನೋಡುತ್ತಿದ್ದ. ಸಿದ್ಧಪಡಿಸಿಕೊಂಡ ಉತ್ತರಗಳಲ್ಲಿ ಒಂದಕ್ಕೂ ಇಲ್ಲಿ ಜಾಗವಿರಲಿಲ್ಲ. ಯಾರೂ ಕೂಗುತ್ತಿರಲಿಲ್ಲ, ಕೊರಳಪಟ್ಟಿ ಹಿಡಿಯುತ್ತಿರಲಿಲ್ಲ.

"ಒಂದೇ ಒಂದು ಕೇಳೋದಿದೆ. ಹೇಳ್ತೀಯಾ?"

"ಕೇಳಿ ಸಾರ್."

"ಅವತ್ತು ತಿರುಗಿ ನೋಡಿದ್ಯಾ?"

ರೇಡಿಯೋ ಇಷ್ಟು ದಿನದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ. ಅಕ್ಕನಿಗೂ ಹೊಳೆದಿರಲಿಲ್ಲ. ಪೊಲೀಸರ ಮುಂದೆ, ಮಂಡಳಿಯ ಮುಂದೆ, ಈ ಕೋಣೆಯಲ್ಲಿ ಎಲ್ಲ ಕಡೆಯೂ ಕ್ಲಚ್ ಹೇಳಿಕೊಂಡು ಬಂದದ್ದು ಒಂದೇ: ಏನೋ ತಗುಲಿದ ಹಾಗಾಯಿತು, ಏನೆಂದು ಗೊತ್ತಾಗಲಿಲ್ಲ, ಹೋಗಿಬಿಟ್ಟೆ. ಅದನ್ನೇ ಮತ್ತೊಮ್ಮೆ ಹೇಳಿದರೆ ಮುಗಿಯುತ್ತಿತ್ತು. ಅವನ ತುಟಿ ಆ ಮಾತಿಗೆ ಸಿದ್ಧವಾದದ್ದೂ ಅಕ್ಕನಿಗೆ ಕಾಣಿಸಿತು. ಏನಾದರೂ ಅನ್ನಬೇಕೆಂದು ಅವಳ ನಾಲಿಗೆ ತುದಿಯವರೆಗೆ ಬಂತು. ಕಚ್ಚಿ ಹಿಡಿದಳು.

"ನೋಡಿದೆ," ಎಂದ ಕ್ಲಚ್.

ಅವರ ಕೈಯನ್ನೇ ನೋಡುತ್ತ ಮುಂದುವರಿಸಿದ.

"ನೀವು ಕೂತಿದ್ರಿ. ಕೈ ಹೀಗೆ ಹಿಡ್ಕೊಂಡಿದ್ರಿ. ರಕ್ತ ಇತ್ತು. ನಿಲ್ಲಿಸಬೇಕು ಅಂತ ಬ್ರೇಕಿನ ಮೇಲೆ ಕೈ ಇಟ್ಟೆ. ಆಮೇಲೆ ಜನ ಓಡಿ ಬರೋದು ಕಾಣಿಸ್ತು. ಹೋಗಿಬಿಟ್ಟೆ." ಅಕ್ಕನ ಕಡೆ ಒಮ್ಮೆ ನೋಡಿದ. "ಗೊತ್ತಾಗಲಿಲ್ಲ ಅಂತ ಎಲ್ಲರ ಹತ್ರ ಸುಳ್ಳು ಹೇಳಿದೀನಿ. ಅಕ್ಕನ ಹತ್ರಾನೂ."

 "ನಾನೂ ನಿನ್ನ ಮುಖ ನೋಡಿದ್ದೆ ಕಣೋ," ಎಂದರು ಗಾಜಿನವರು. "ಇಷ್ಟು ದಿನ ಅದೇ ಕೊರೀತಿತ್ತು. ಆ ಹುಡುಗ ನನ್ನ ನೋಡಿ, ಮನುಷ್ಯ ಬಿದ್ದಿದಾನೆ ಅಂತ ತಿಳಿದೇ ಹೋದನಾ, ಇಲ್ಲ ನಾನೇ ಕಲ್ಪಿಸ್ಕೊಂಡೆನಾ ಅಂತ. ಎಲ್ಲರೂ ಇಲ್ಲ ಇಲ್ಲ, ಅವನಿಗೆ ಗೊತ್ತಾಗಿಲ್ವಂತೆ ಅಂದ್ರು. ನನ್ನ ತಲೆಯೇ ಸರಿಯಿಲ್ಲವೇನೋ ಅಂದ್ಕೊಂಡಿದ್ದೆ. ಇವತ್ತು ನೀನು ನೋಡಿಲ್ಲ ಅಂದಿದ್ರೆ ಎದ್ದು ಹೋಗಿಬಿಡ್ತಿದ್ದೆ."

ಕ್ಲಚ್ ಅಳುತ್ತಿದ್ದ, ಮುಖ ಮುಚ್ಚಿಕೊಳ್ಳದೆ. ವಕೀಲ ತನ್ನ ಅಂಗಿಯ ತುದಿಯನ್ನು ತಿರುಚುತ್ತ ಕೂತಿದ್ದ. ಅಕ್ಕನಿಗೆ ಎದ್ದು ಹೋಗಿ ಟವೆಲ್ ಕೊಡಬೇಕೆನಿಸಿತು. ಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಳು.

ಮೇಲ್ವಿಚಾರಕರು ಗ್ಯಾರೇಜಿನ ವಿಷಯ ತೆಗೆದರು. ಸೋಮವಾರದಿಂದ ಹಗಲು ಹೊತ್ತು, ಸಂಜೆ ವಾಪಸ್. ನಿಮಗೆ ಅಭ್ಯಂತರ ಇದ್ದರೆ ಈಗಲೇ ಹೇಳಬಹುದು, ಯೋಚಿಸಲು ಸಮಯ ಬೇಕಾದರೆ ಅದೂ ಸರಿ, ಯಾರೂ ಒತ್ತಾಯ ಮಾಡುವುದಿಲ್ಲ ಎಂದರು.

"ಗ್ಯಾರೇಜಾ," ಎಂದು ಗಾಜಿನವರು ಹುಬ್ಬು ಗಂಟಿಕ್ಕಿದರು. "ಮತ್ತೆ ಗಾಡಿಗಳ ಮಧ್ಯಾನೇ?"

 ಎಂಟು ಜೊತೆ ಕಣ್ಣುಗಳು ಆ ಬಡಕಲು ಮುಖದ ಮೇಲೆ ನೆಟ್ಟವು.

"ಕ್ಷಮಿಸೋದು ಅಂತೆಲ್ಲ ನನ್ನ ಕೈಲಿ ಇವತ್ತು ಆಗಲ್ಲ. ಮುಂದೆ ಯಾವಾಗಾದ್ರೂ ಆದ್ರೆ ಆಗಬಹುದು. ಕೆಲಸ ಕಲಿಯೋದು ಬೇರೆ ವಿಷಯ." ಕ್ಲಚ್ ಕಡೆ ಬೆರಳು ತೋರಿಸಿದರು, ಸ್ಪರ್ಶವಿಲ್ಲದ ಬೆರಳನ್ನೇ. "ರಿಪೇರಿ ಮಾಡು. ಓಡಿಸಿ ನೋಡೋಕೆ ಅಂತ ಒಂದು ಮಾರೂ ಓಡಿಸಬೇಡ, ಲೈಸೆನ್ಸ್ ಬರೋವರೆಗೆ. ಯಜಮಾನ ಹೇಳಿದ್ರೂ ಓಡಿಸಬೇಡ. ನಮ್ಮ ಅಂಗಡಿ ಆ ಬೀದಿ ಹಿಂದೆನೇ ಇದೆ, ಆ ಕಡೆ ಓಡಾಡ್ತಾ ಇರ್ತೀನಿ ನಾನು. ಹೋಗು."

ಹೋಗು ಎಂದರೆ ಒಪ್ಪಿಗೆಯೋ ಅಲ್ಲವೋ ಎಂದು ಕ್ಲಚ್‌ಗೆ ಒಮ್ಮೆಗೇ ತಿಳಿಯಲಿಲ್ಲ. ಸುತ್ತಲೂ ನೋಡಿದ. ಬೈಗುಳಕ್ಕೆ, ಹೊಡೆತಕ್ಕೆ, ಇಲ್ಲವೆಂಬುದಕ್ಕೆ ಎಲ್ಲದಕ್ಕೂ ಇವರು ಮಾತು ಕಲಿಸಿದ್ದರು. ಹೂಂ ಎಂದರೆ ಏನನ್ನಬೇಕೆಂದು ಒಬ್ಬರೂ ಯೋಚಿಸಿರಲಿಲ್ಲ. ರೇಡಿಯೋ ಕೈ ಚೆಲ್ಲಿದ. ವಕೀಲ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದ. ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ, ತುಟಿ ಬಿಗಿಹಿಡಿದು ತಲೆಯನ್ನು ಮಾತ್ರ ಹೂಂ ಹೂಂ ಎಂದು ಆಡಿಸುತ್ತಿದ್ದಳು.

ಕ್ಲಚ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಗಾಜಿನವರ ಕಣ್ಣು ನೋಡಿ, "ಓಡಿಸಲ್ಲ ಸಾರ್," ಎಂದ. ಆಮೇಲೆ, ಇನ್ನೇನೂ ತೋಚದೆ, ಅಕ್ಕನ ಕಡೆ ತಿರುಗಿದ.

"ಸೋಮವಾರ ಎಷ್ಟು ಗಂಟೆಗೆ ಏಳಬೇಕು ಅಕ್ಕ?"

ಅಷ್ಟೇ ಸಾಕಾಯಿತು. ಕುರ್ಚಿಗಳೆಲ್ಲ ಒಟ್ಟಿಗೆ ಹಿಂದಕ್ಕೆ ಸರಿದವು, ನಾನು ಎಬ್ಬಿಸ್ತೀನಿ, ನಾನು ಎಬ್ಬಿಸ್ತೀನಿ ಎಂದು ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಗದ್ದಲದ ನಡುವೆ ಗಾಜಿನವರು ಎದ್ದು ನಿಂತು, ಈಗೇನು ಮಾಡಬೇಕು ಎಂಬಂತೆ ಕಂಡಕ್ಟರಕ್ಕನ ಮುಖ ನೋಡಿದರು.

"ಕೂತ್ಕೊಳ್ಳಿ ಅಣ್ಣಾ," ಎಂದಳು ಅವಳು, ಮೂಗು ಸೇದುತ್ತ. "ನೀರಾದ್ರೂ ಕುಡಿದು ಹೋಗಿ. ನಮ್ಮ ಹುಡುಗರಿಗೆ ಇನ್ನೂ ನಿಮ್ಮ ಪರಿಚಯವೇ ಆಗಿಲ್ಲ."